ಖಾಲಿ ಬಂದ ನಾಳಿನ ಪಟ್ಟಿ

ಹೋದ ವಾರ ಪುಣೆಯ ಖರಾಡಿಯಲ್ಲಿರುವ ನಮ್ಮ ಆಫೀಸಿನಲ್ಲಿ ಒಂದು ಹಳೆಯ ಕಪಾಟನ್ನು ಖಾಲಿ ಮಾಡಿಸುತ್ತಿದ್ದರು. ಬಾಗಿಲು ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು. ಉಳಿದವರು ಮುಖ ಸಿಂಡರಿಸಿ ದೂರ ಸರಿದರು. ನಾನು ಅಲ್ಲೇ ನಿಂತುಬಿಟ್ಟೆ...

ಹನ್ನೆರಡು ವರ್ಷಗಳ ಹಿಂದೆ, ಹಾಸನದಿಂದ ಪುಣೆಗೆ ಬಂದ ಹೊಸದರಲ್ಲಿ, ಇದೇ ವಾಸನೆಯ ಒಂದು ಕೋಣೆಯಲ್ಲಿ ನಾನು ಕೆಲವು ದಿನ ಕೆಲಸ ಮಾಡಿದ್ದೆ. ಅದು ಒಂದು ಸಣ್ಣ ಧರ್ಮಾಸ್ಪತ್ರೆಯ ದಾಖಲೆ ಕೋಣೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಒಂದೊಂದು ಮಗುವಿಗೂ ಒಂದೊಂದು ಕಾರ್ಡು. ಆ ಕಾರ್ಡುಗಳನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಹೆಂಗಸು. ಮರಾಠಿಯವರು ಅವರನ್ನು 'ತಾಈ' ಎನ್ನುತ್ತಿದ್ದರು, ಅಂದರೆ ಅಕ್ಕ. ನನಗೂ ಅವರು ಅಕ್ಕನೇ ಆದರು. ಅವರ ಡಬ್ಬಿಯ ರೊಟ್ಟಿ ಹಂಚಿಕೊಂಡ ದಿನದಿಂದ ನನಗೆ ಹಚ್ಚುತ್ತಿದ್ದ 'ರೀ' ಹೋಗಿ 'ತಮ್ಮಾ' ಬಂತು.

ನನ್ನ ಕೆಲಸ ಸುಲಭದ್ದು. ಕಾರ್ಡುಗಳಲ್ಲಿದ್ದುದನ್ನು ಯಾರೋ ಮೊದಲೇ ಒಂದು ಸ್ಪ್ರೆಡ್‌ಶೀಟಿಗೆ ಟೈಪ್ ಮಾಡಿದ್ದರು. ಅದನ್ನು ಆ ಕೋಣೆಯ ಕಂಪ್ಯೂಟರಿನಲ್ಲಿದ್ದ ಡೇಟಾಬೇಸಿಗೆ ಇಂಪೋರ್ಟ್ ಮಾಡಬೇಕಿತ್ತು. ಮಾಡಿದೆ. ಒಂದೂ ತಪ್ಪಿಲ್ಲ ಎಂದು ಪರದೆ ಹೇಳಿತು. ಐದಾರು ಮಕ್ಕಳ ತಾರೀಖು ತಾಳೆ ನೋಡಿದೆ, ಸರಿಯಾಗಿತ್ತು.

ಮರುದಿನ ಮಧ್ಯಾಹ್ನ ಮೂರೂವರೆಗೆ ನಾಳಿನ ಪಟ್ಟಿ ತೆಗೆದೆವು. ನಾಲ್ಕು ಗಂಟೆಯೊಳಗೆ ಆ ಪಟ್ಟಿ ರಕ್ತನಿಧಿಗೆ ಹೋದರೆ ಮಾತ್ರ ಬೆಳಗ್ಗೆ ಮಕ್ಕಳಿಗೆ ರಕ್ತ ಸಿದ್ಧವಿರುತ್ತಿತ್ತು. ಪಟ್ಟಿ ಖಾಲಿ ಬಂತು.

"ನಾಳೆ ಯಾರೂ ಇಲ್ಲ ಅಕ್ಕ. ನಿಮಗೆ ರಜಾ" ಎಂದು ನಕ್ಕೆ.

ಅವರು ನಗಲಿಲ್ಲ. "ಯಾರೂ ಇಲ್ಲದ ದಿನಾ ಈ ದವಾಖಾನ್ಯಾಗ ನಾ ಒಂದೂ ನೋಡಿಲ್ಲ ತಮ್ಮಾ. ಸಾಸವಡದ ಹುಡುಗಿ ನಾಳೆ ಬರಬೇಕು. ಆಕಿ ಎಲ್ಲಿ ಹೋದಳು?"

ಹುಡುಕಿದೆ. ಆ ಹುಡುಗಿ ಮೇ ಮೂರನೇ ತಾರೀಖಿನಲ್ಲಿದ್ದಳು. ನಾಳೆ ಮಾರ್ಚ್ ಐದು... ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಇಂಪೋರ್ಟ್ ಮಾಡುವಾಗ ನಾನು ಅಮೆರಿಕದ ಕ್ರಮವನ್ನು ಹಾಗೇ ಬಿಟ್ಟಿದ್ದೆ, ಅಲ್ಲಿ ತಿಂಗಳೇ ಮೊದಲು. ಹನ್ನೆರಡರ ಒಳಗಿನ ತಾರೀಖುಗಳೆಲ್ಲ ಸದ್ದಿಲ್ಲದೆ ತಿರುಗಿ ಕೂತಿದ್ದವು. ಹದಿಮೂರರಿಂದ ಮುಂದಿನವು ತಿಂಗಳಾಗಲು ಸಾಧ್ಯವಿಲ್ಲದ್ದರಿಂದ ಸರಿಯಾಗಿ ಉಳಿದಿದ್ದವು. ನಾನು ತಾಳೆ ನೋಡಿದ್ದು ಅವನ್ನೇ.

"ಹತ್ತು ನಿಮಿಷ ಕೊಡಿ, ಸರಿ ಮಾಡ್ತೀನಿ" ಎಂದೆ.

"ಮಷೀನ್ ಆಮ್ಯಾಲೆ. ಮೊದಲ ಕಾರ್ಡ್ ತಗಿ."

ಅಕ್ಕ ಕಾರ್ಡುಗಳ ಕಪಾಟು ತೆರೆದರು. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಏಳು ಮಕ್ಕಳು ಸಿಕ್ಕರು. ಅಕ್ಕ ಹೆಸರು, ರಕ್ತದ ಗುಂಪು ಓದಿದರು, ನಾನು ಫೋನಿನಲ್ಲಿ ರಕ್ತನಿಧಿಗೆ ಹೇಳುತ್ತ ಹೋದೆ. ಆರು ಮಕ್ಕಳಿಗೆ ರಕ್ತವಿತ್ತು. ಸಾಸವಡದ ಹುಡುಗಿಯದು ಸುಲಭಕ್ಕೆ ಸಿಗದ ಗುಂಪು, ಅದು ಇಲ್ಲ ಎಂದರು.

"ಆಕಿ ಅವ್ವ ಎರಡು ಬಸ್ ಬದಲಿಸಿ ಕರಕೊಂಡ ಬರತಾಳ. ಹಂಗ ಹೊಳ್ಳಿ ಕಳಸಾಕ ಆಗೂದಿಲ್ಲ" ಎಂದು ಅಕ್ಕ ಕಾರ್ಡು ಮಗುಚಿದರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಫೋನ್ ನಂಬರಿತ್ತು. ಪುಣೆಯದೇ ವಿಮಾನ ನಗರ ಬಡಾವಣೆಯ ಯಾರೋ ಒಬ್ಬರು, ಅದೇ ಗುಂಪಿನವರು, ಹಿಂದೊಮ್ಮೆ ರಕ್ತ ಕೊಟ್ಟವರು. ಸ್ಪ್ರೆಡ್‌ಶೀಟಿನಲ್ಲಿ ಆ ನಂಬರಿಗೆ ಜಾಗವೇ ಇರಲಿಲ್ಲ. ಕಾರ್ಡಿನ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನಾನು ಕೇಳಿಯೂ ಇರಲಿಲ್ಲ.

ಅಕ್ಕ ಮೂರು ಸಲ ಫೋನ್ ಮಾಡಿದರು. ನಾಲ್ಕನೇ ಸಲ ಆ ಕಡೆಯವರು ಎತ್ತಿದರು. ಆರು ಗಂಟೆಗೆ ಆಫೀಸಿನ ಗುರುತಿನ ಚೀಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಂದು ರಕ್ತ ಕೊಟ್ಟು ಹೋದರು.

ಬೆಳಗ್ಗೆ ಸಾಸವಡದ ಹುಡುಗಿ ಎರಡು ಜಡೆ ಹಾಕಿಕೊಂಡು ಬಂದಳು. ಅವಳು ಮಲಗಿ, ರಕ್ತ ಇಳಿಯಲು ಶುರುವಾದ ಮೇಲೆ ನಾನು ಅಕ್ಕನನ್ನು ಕೇಳಿದೆ. "ಸೂಪರಿಂಟೆಂಡೆಂಟರಿಗೆ ಹೇಳ್ತೀರಾ?"

"ನಾ ಹೇಳಿದರ ಚಾಡಿ ಆಗತದ. ನೀನ ಹೋಗಿ ಹೇಳು."

ಹೋಗಿ ಹೇಳಿದೆ. ಬೈಸಿಕೊಂಡು ಬಂದೆ. ಆಮೇಲೆ ಹಾಕಿದ್ದನ್ನೆಲ್ಲ ಅಳಿಸಿ, ತಾರೀಖಿನ ಕ್ರಮ ಸರಿಪಡಿಸಿ ಮತ್ತೆ ಇಂಪೋರ್ಟ್ ಮಾಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಹಾಂ, ಈಗ ಒಂದೊಂದ ನೋಡೂಣು."

"ಎಲ್ಲಾನೂ? ಆರುನೂರು ಕಾರ್ಡಿದೆ ಅಕ್ಕ!"

"ಆರುನೂರು ಮಕ್ಕಳೂ ಅದಾವ."

ನಾಲ್ಕು ದಿನ ಹಿಡಿಯಿತು. ಅವರು ಓದಿದರು, ನಾನು ಪರದೆ ನೋಡಿದೆ. ಧ್ವನಿ ಬಿದ್ದುಹೋದಾಗ ಬಿಸಿನೀರು ಕುಡಿದು ಮುಂದುವರಿಸಿದರು. ಟೈಪ್ ಮಾಡಿದವರ ತಪ್ಪುಗಳೇ ಹನ್ನೊಂದು ಸಿಕ್ಕವು. ಹಿಂಬದಿಯಲ್ಲಿದ್ದುದಕ್ಕೂ ಒಂದು ಜಾಗ ಮಾಡಿ ಅದನ್ನೂ ಸೇರಿಸಿದೆವು. ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕಿ ಎಂದು ಮೇಲಿನವರು ಹೇಳಿಕಳಿಸಿದಾಗ, ಕಪಾಟಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಂದು ವರ್ಷ ತಡೀರಿ" ಎಂದರು. ಅವರ ಎದುರು ಯಾರೂ ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ವರ್ಷ ಯುಗಾದಿಗೆ ಫೋನ್ ಮಾಡುತ್ತಿದ್ದೆ. ಆಮೇಲೆ ಅದೂ ನಿಂತಿತು... ಯಾಕೆ ನಿಂತಿತೋ, ಹೇಳಿಕೊಳ್ಳುವಂಥ ಕಾರಣ ಏನೂ ಇಲ್ಲ.

ಹೋದ ವಾರ ಕಪಾಟಿನ ಮುಂದಿನಿಂದ ಬಂದವನೇ ಅವರ ನಂಬರು ಹುಡುಕಿ ಒತ್ತಿದೆ. ಮಗಳು ಎತ್ತಿದಳು. ನಾನು ಯಾರೆಂದು ಹೇಳಿದೆ.

"ಅವ್ವ ಹೋಗಿ ಎಂಟು ತಿಂಗಳಾತ್ರಿ."

ಆಕೆಯೇ ಮುಂದುವರಿದು, "ನಿಮ್ಮ ಸುದ್ದಿ ಆಗಾಗ ತಗೀತಿದ್ದಳ್ರಿ. ಒಮ್ಮೆ ಮನೀಗೆ ಬರ್ರಿ" ಎಂದಳು.

ಈ ಭಾನುವಾರ ಹೋಗುತ್ತಿದ್ದೇನೆ. ಅವರು ಇದ್ದಾಗಲೇ ಹೋಗಬೇಕಿತ್ತು. ಹೋಗಲಿಲ್ಲ. ಆ ಮಾತನ್ನೂ ಅವರ ಮಗಳ ಎದುರು ನಾನೇ ಹೇಳಬೇಕು.