ಆಯುಧಪೂಜೆಯ ದಿನ ಪಾಸಾದ ಕಂಪ್ಯೂಟರ್

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವ ಗುಣವನ್ನು ದೇವರು ನನಗೆ ಕೊಟ್ಟಿಲ್ಲ. ಗಡಿಯಾರ ಸರಿಯಾಗಿದ್ದರೆ ಹತ್ತು ನಿಮಿಷ ಮುಂದಿಡುತ್ತೇನೆ. ಆಮೇಲೆ ಮುಂದಿಟ್ಟದ್ದು ಹತ್ತೋ ಹದಿನೈದೋ ಮರೆತು ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಇಂಥವನು ಮನೆಯ ಕಂಪ್ಯೂಟರನ್ನು ಕಂಪನಿಯವರು ಗೊತ್ತುಮಾಡಿದ ವೇಗದಲ್ಲೇ ಓಡಲು ಬಿಟ್ಟೇನೆ?

ರಾಯದುರ್ಗದ ಎರಡು ಕೋಣೆಯ ಮನೆಯಲ್ಲಿ ಕೂತು ಮದುವೆ ಪತ್ರಿಕೆಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಜೋಡಿಸುವುದು ನನ್ನ ಕೆಲಸ. ಹೆಂಡತಿ ಗಿರಿಜಾ ಅಮರಾಪುರದ ಕಡೆಯವಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲವು ವರ್ಷ ದುಡಿದು ಬಂದು, ಆಗ ನಮ್ಮೂರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜಿಪ್ಪು ಕೂರಿಸುತ್ತಿದ್ದಳು. ಬರೀ ಜಿಪ್ಪು. ಜೇಬು ಹೊಲಿಯುವವರು ಬೇರೆ, ಸೊಂಟದ ಪಟ್ಟಿಯವರು ಬೇರೆ. "ಇಷ್ಟು ವರ್ಷ ಆತು, ಒಂದು ಇಡೀ ಪ್ಯಾಂಟಿನ ಮುಖ ನೋಡಿಲ್ಲ ಕಣ್ರೀ" ಎನ್ನುತ್ತಿದ್ದಳು. ಅವಳ ಆಸೆಯೆಲ್ಲ ಸ್ಯಾಂಪಲ್ ಟೇಬಲ್ಲಿನ ಮೇಲೆ. ಹೊಸ ಮಾದರಿಯ ಮೊದಲ ಪ್ಯಾಂಟನ್ನು ಅಲ್ಲಿ ಒಬ್ಬರೇ ಪೂರ್ತಿ ಹೊಲಿಯುತ್ತಾರೆ.

ಅದಕ್ಕಾಗಿ ಹಿಂದಿನ ಜೇಬಿನ ಮೇಲೆ ಎಂಬ್ರಾಯ್ಡರಿ ಹಾಕಲು ಅವಳೊಂದು ಚಿತ್ರ ಬರೆದಳು: ಕಡ್ಲೆಕಾಯಿ ಬಳ್ಳಿ, ತುದಿಯಲ್ಲಿ ಎರಡು ಕಾಯಿ. ಯೂನಿಟ್ಟಿನ ಮಾಸ್ಟರ್ ಬಸಣ್ಣ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಚಿತ್ರ ಯಾರಾರ ಬರೀತಾರ ಗಿರಿಜಮ್ಮ. ಮಿಷನ್ ಹೊಲಿಯೋ ಹಂಗ ಕಂಪ್ಯೂಟರ್‌ದಾಗ ತೋರಿಸು. ಆಯುಧಪೂಜೆ ಮರುದಿನ ಹತ್ತಕ್ಕ ನಾನೇ ಮನಿಗೆ ಬರ್ತೀನಿ" ಎಂದರಂತೆ.

ನಮ್ಮ ಕಂಪ್ಯೂಟರೋ, ಆ ಚಿತ್ರವನ್ನು ಹೊಲಿಗೆಗಳಾಗಿ ಬಿಡಿಸಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಮಾಸ್ಟರ್ ಒಂದು ಎಲೆ ಬದಲಿಸು ಎಂದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ಕೂರುವ ಜಾತಿಯಲ್ಲ ಅವರು. ನಾನು ತೋಳೇರಿಸಿದೆ. ಪ್ರೊಸೆಸರಿನ ವೇಗವನ್ನು ಅದಕ್ಕೆ ನಿಗದಿಯಾದದ್ದಕ್ಕಿಂತ ಮೇಲಕ್ಕೆ ಏರಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಏರಿಸುವುದು ಸುಲಭ, ಏರಿಸಿದ ಮೇಲೆ ಅದು ಬೀಳದೆ ನಿಲ್ಲುತ್ತದೆಯೇ ಎಂದು ನೋಡುವುದೇ ಕಷ್ಟ. ಅದಕ್ಕೊಂದು ಪರೀಕ್ಷೆಯ ಪ್ರೋಗ್ರಾಂ ಇದೆ. ಉತ್ತರ ಮೊದಲೇ ಗೊತ್ತಿರುವ ದೈತ್ಯ ಗುಣಾಕಾರಗಳನ್ನು ಗಂಟೆಗಟ್ಟಲೆ ಮಾಡಿಸುತ್ತದೆ. ಒಂದು ಅಂಕಿ ತಪ್ಪಿದರೂ ಕೆಂಪು ಗೆರೆ ಎಳೆದು ನಿಂತುಬಿಡುತ್ತದೆ.

ನನ್ನ ನೆನಪಿಗೆ ಈ ಪರೀಕ್ಷೆ ಹಾಕಿದ್ದರೆ ಮೊದಲ ನಿಮಿಷದಲ್ಲೇ ಕೆಂಪು ಗೆರೆ. ಗಿರಿಜಾಳನ್ನು ಮೊದಲು ಕಂಡದ್ದು ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ, ಜಡಿಮಳೆಯಲ್ಲಿ ಎಂದು ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಆ ವರ್ಷ ಮಳೆಯೇ ಬಂದಿಲ್ಲ ಎನ್ನುತ್ತಾಳೆ ಅವಳು. ಆದರೂ ನನ್ನ ತಲೆಯೊಳಗೆ ಇವತ್ತಿಗೂ ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದೆ.

ಪರೀಕ್ಷೆಗೆ ಆಯುಧಪೂಜೆಯ ದಿನವನ್ನೇ ಆರಿಸಿದ್ದು ನನ್ನ ಜಾಣತನ. ನಮ್ಮ ಬೀದಿಯಲ್ಲಿ ದಿನವೂ ನೂರಾರು ಹೊಲಿಗೆ ಮಿಷನ್ನುಗಳು ಒಟ್ಟಿಗೆ ಎದ್ದರೆ ಕರೆಂಟು ಕುಸಿದು ಬಲ್ಬು ನಿದ್ದೆಗಣ್ಣು ಬಿಡುತ್ತದೆ. ಆ ಒಂದು ದಿನ ಮಾತ್ರ ಎಲ್ಲವೂ ಕುಂಕುಮ ಹಚ್ಚಿಕೊಂಡು ಸುಮ್ಮನೆ ಕೂರುತ್ತವೆ, ಕರೆಂಟು ಬೇಕಾದಷ್ಟು.

"ಪೂಜೆ ಮಾಡಿದ ಮಿಷನ್ನ ಇವತ್ತು ಓಡಿಸ್‌ಬಾರ್ದು" ಎಂದಳು ಗಿರಿಜಾ.

"ಇದು ಮಿಷನ್ ಅಲ್ಲ, ಕಂಪ್ಯೂಟರು."

"ಹಂಗಾದ್ರೆ ಬೆಳಿಗ್ಗೆ ಅದರ ಹಣೆಗೆ ಕುಂಕುಮ ಯಾಕೆ ಇಡಿಸಿದ್ರಿ?"

ನಾನು ಪರೀಕ್ಷೆಯ ಗುಂಡಿ ಒತ್ತಿದೆ. ಬೆಳಿಗ್ಗೆ ಹತ್ತರಿಂದ ದೀಪ ಹಚ್ಚುವವರೆಗೂ ಅದು ಗುಣಿಸಿತು. ಜೀನ್ಸಿನ ನೀಲಿ ಧೂಳು ಮೆತ್ತಿದ ಫ್ಯಾನು ಬೆಟ್ಟ ಹತ್ತುವವನಂತೆ ಏದುಸಿರು ಬಿಟ್ಟಿತು. ಕೋಣೆಯಲ್ಲಿ ಹಪ್ಪಳ ಒಣಗಿಸಬಹುದಿತ್ತು. ತಪ್ಪು ಒಂದೂ ಇಲ್ಲ! ಮಗ ಪಾಸಾದವನಂತೆ ಬೀದಿಗೆಲ್ಲ ಪುರಿ ಹಂಚಿದೆ.

ಮರುದಿನ ಹತ್ತಕ್ಕೆ ಬಸಣ್ಣ ಬಂದರು. ಪರದೆಯ ಮೇಲಿನ ಬಳ್ಳಿ ನೋಡಿ, "ಎರಡು ಕಾಯಿ ಬಡತನ ಕಾಣ್ತದ. ಮೂರು ಮಾಡು" ಎಂದರು. ಗಿರಿಜಾ ಮೂರನೆಯದನ್ನು ಬರೆದು ಗುಂಡಿ ಒತ್ತಿದಳು. ಹೊರಗೆ, ದಶಮಿಯ ಒಳ್ಳೆಯ ದಿನವೆಂದು, ಊರಿನ ಮಿಷನ್ನುಗಳೆಲ್ಲ ಮತ್ತೆ ಗುಂಯ್‌ಗುಟ್ಟುತ್ತಿದ್ದವು. ಬಲ್ಬು ಕಣ್ಣು ಮಿಟುಕಿಸಿತು, ಪರದೆ ಕಪ್ಪಾಯಿತು. ಮತ್ತೆ ಎಬ್ಬಿಸಿದೆ, ಮತ್ತೆ ಬಿತ್ತು. ಗಿರಿಜಾ ನನ್ನ ಕಡೆ ನೋಡಲಿಲ್ಲ, ನೋಡಿದ್ದರೇ ವಾಸಿಯಿತ್ತು.

"ಪರೀಕ್ಷೆ ಮಾಡಿದ್ರೇನ್ರಿ?" ಎಂದರು ಬಸಣ್ಣ.

"ನಿನ್ನೆ ಇಡೀ ದಿನ."

"ನಿನ್ನೆ? ನಿನ್ನೆ ಊರೇ ಮಲಗಿತ್ತಲ್ರಿ! ಹೊಸಾ ಮಿಷನ್ ಬಂದ್ರ ನಾವು ಉಳಿದಿದ್ದೆಲ್ಲಾ ಓಡೋವಾಗ ಓಡಿಸಿ ನೋಡ್ತೀವ್ರಿ. ಮಲಗಿದೂರಾಗ ಕಳ್ಳನೂ ಧೈರ್ಯವಂತನ ಅಲ್ಲೇನ್ರಿ?"

"ಮೊದ್ಲು ಹೆಂಗಿತ್ತೋ ಹಂಗೆ ಮಾಡಿ" ಎಂದಳು ಗಿರಿಜಾ, ಗೋಡೆಗೆ ಹೇಳುವಂತೆ.

ಮಾಡಿದೆ. ಹಳೆಯ ವೇಗ, ಹಳೆಯ ಮುಕ್ಕಾಲು ಗಂಟೆ. ಬಸಣ್ಣ ಎರಡು ಸಲ ಎದ್ದರು. ಎರಡು ಸಲವೂ ಟೀ ಕೊಟ್ಟು ಕೂರಿಸಿದೆ. ಮಾತೆಲ್ಲ ಮುಗಿದ ಮೇಲೆ ಗಿರಿಜಾ ಶುರುಮಾಡಿದಳು: "ಮಾಸ್ಟರೇ, ಜಿಪ್ಪಿನ ಕೆಳಗಡೆ ಬಾಗು ಐತಲ್ಲ, ಅದನ್ನ ಅರ್ಧ ಬೆರಳು ಗಿಡ್ಡ ಕತ್ತರಿಸ್ತೀರಿ. ನಾವು ಎಳೆದೆಳೆದು ಕೂರಿಸ್ತೀವಿ. ಅದಕ್ಕೇ ಹಾಕ್ಕಂಡೋರು ಎರಡು ಸಲ ಕೂತೆದ್ರೆ ಬಿಚ್ಕಂತೈತೆ."

ಬಸಣ್ಣ ಟೀ ಲೋಟ ಕೆಳಗಿಟ್ಟರು. ಆಮೇಲೆ ತಮ್ಮ ಪ್ಯಾಂಟನ್ನೇ ಬಗ್ಗಿ ನೋಡಿಕೊಂಡರು. ಅದೂ ಅವರ ಯೂನಿಟ್ಟಿನದೇ.

ಹೊಲಿಗೆ ಲೆಕ್ಕ ಮುಗಿದು ಬಳ್ಳಿ ಪರದೆಯ ಮೇಲೆ ಅರಳಿದಾಗ ಅವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಶೇಂಗಾ ಮ್ಯಾಲೆ ಯಾರು ಕೂಡ್ತಾರ ಗಿರಿಜಮ್ಮ? ಬಿಡು ಅದನ್ನ. ನಾಳಿಂದ ಸ್ಯಾಂಪಲ್ ಟೇಬಲ್ಲಿಗೆ ಬಾ. ಮೊದಲ ಆ ಬಾಗು ಸರಿಮಾಡು" ಎಂದು ಚಪ್ಪಲಿ ಮೆಟ್ಟಿದರು. ಕಂಪ್ಯೂಟರು ನಾನಂದುಕೊಂಡಷ್ಟು ಚುರುಕಾಗಿದ್ದರೆ ಅವರು ಐದು ನಿಮಿಷದಲ್ಲಿ ಶೇಂಗಾ ಬೇಡವೆಂದು ಎದ್ದುಹೋಗುತ್ತಿದ್ದರು.

ಇಷ್ಟು ಅಚ್ಚುಕಟ್ಟಾಗಿ ಕೂತ ಕಥೆಯನ್ನು ನಾನೇ ನಂಬುವುದಿಲ್ಲ. ಹಾಗಾಗಿ ಇದನ್ನು ಗಿರಿಜಾಳಿಗೆ ಓದಿ ಹೇಳತೊಡಗಿದೆ. ಕೈಯಲ್ಲಿದ್ದ ಹೊಲಿಗೆ ಬಿಡದೆ ಟೀ ಕೊಟ್ಟ ಜಾಗದವರೆಗೆ ಕೇಳಿಸಿಕೊಂಡಳು. "ಮುಕ್ಕಾಲು ಗಂಟೆ ಅಲ್ಲ, ಒಂದೂಕಾಲು. ಕಾಯಿ ಮೂರಲ್ಲ, ನಾಲ್ಕು. ಟೀ ಮಾಡಿದ್ದು ನಾನು. ನೀವು ಆ ಡಬ್ಬಿ ಮುಂದೆ ಕೂತು ಬೆವರ್ತಿದ್ರಿ."

ಆ ಪರೀಕ್ಷೆಯ ಪ್ರೋಗ್ರಾಂ ಆಗಿದ್ದರೆ ಮೊದಲನೆಯದಕ್ಕೇ ಕೆಂಪು ಗೆರೆ ಎಳೆದು ನಿಂತಿರುತ್ತಿತ್ತು. ಇವಳು ಮೂರು ತಪ್ಪು ಹಿಡಿದೂ, "ಹೂಂ, ಮುಂದಕ್ಕೆ ಓದಿ" ಎಂದಳು. ಸಂಸಾರವನ್ನೂ ಇಷ್ಟು ವರ್ಷ ಹಾಗೆಯೇ ಓಡಿಸಿಕೊಂಡು ಬಂದಿದ್ದಾಳೆ, ಅದೂ ಊರಿನ ಮಿಷನ್ನುಗಳೆಲ್ಲ ಓಡುವ ದಿನಗಳಲ್ಲೇ.