ಬುಧವಾರ ಮಧ್ಯಾಹ್ನದ ಹಿಟ್‌ಗಳು

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ನಂಬದೆ ಇರುವುದಕ್ಕೇ ನನಗೆ ಸಂಬಳ. ಕೆಲಸದಿಂದ ಈ ಗುಣ ಬಂತೋ, ಗುಣ ಇದ್ದದ್ದರಿಂದ ಕೆಲಸ ಸಿಕ್ಕಿತೋ ಹೇಳಲಾರೆ. ನನ್ನ ಗಂಡನನ್ನು ಕೇಳಿದರೆ ಎರಡನೆಯದೇ ನಿಜ ಎನ್ನುತ್ತಾರೆ.

ಬೇಸ್‌ಬಾಲ್ ನಮ್ಮ ಮನೆಗೆ ಬಂದದ್ದು 2020ರಲ್ಲಿ. ಸ್ಯಾನ್ ಡಿಯಾಗೊ ನಗರದ ರಾಂಚೊ ಬರ್ನಾರ್ಡೊ ಬಡಾವಣೆಯ ಮನೆಯಲ್ಲಿ ಇಬ್ಬರೇ ಮುಖ ಮುಖ ನೋಡಿಕೊಂಡು ಬೇಸತ್ತಿದ್ದ ಕೋವಿಡ್ ದಿನಗಳು. ಟೀವಿಯಲ್ಲಿ ಸ್ಟೇಡಿಯಂ ಖಾಲಿ, ಕುರ್ಚಿಗಳ ಮೇಲೆ ಜನರ ಬದಲು ರಟ್ಟಿನ ಬೊಂಬೆಗಳು, ನಡುವೆ ನಮ್ಮ ಸ್ಯಾನ್ ಡಿಯಾಗೊ ತಂಡ ಆಡುತ್ತಿತ್ತು. ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಮೊದಲು ನಗು. ಹತ್ತು ಸಲ ಬ್ಯಾಟ್ ಹಿಡಿದು ಏಳು ಸಲ ಔಟಾಗುವವನನ್ನು ಇಲ್ಲಿ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ! ನಕ್ಕು ನಕ್ಕು ಕೊನೆಗೆ ನಮಗೇ ಹುಚ್ಚು ಹಿಡಿಯಿತು. ಒಬ್ಬ ಎಡಗೈ ಬ್ಯಾಟರ್ ನಮ್ಮ ಮನೆ ಮಗನಂತಾದ. ಸಂಜೆ ಚಪಾತಿ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಅವನ ಹಿಟ್‌ಗಳ, ಅಂದರೆ ಔಟಾಗದೆ ಹೊಡೆದ ಹೊಡೆತಗಳ, ಪಟ್ಟಿ ತೆರೆಯದಿದ್ದರೆ ಊಟ ಇಳಿಯುತ್ತಿರಲಿಲ್ಲ.

ನಾವೇ ಮಾಡಿಕೊಂಡ ಎರಡು ಕಟ್ಟಳೆಗಳಿದ್ದವು. ವಾರದ ನಡುವೆ ಹಗಲು ಮ್ಯಾಚ್ ಇದ್ದರೆ ಯಾರೂ ಕದ್ದು ನೋಡಬಾರದು, ಸಂಜೆ ಒಟ್ಟಿಗೇ ಪಟ್ಟಿ ತೆರೆಯಬೇಕು. ಇನ್ನೊಂದು, ಸೀಸನ್ನಿಗೆ ಜುಲೈ ನಡುವೆ ಸಿಗುವ ಬಿಡುವಿನ ಹೊತ್ತಿಗೆ ಅವನ ಬ್ಯಾಟಿಂಗ್ ಸರಾಸರಿ ಎಷ್ಟಿರುತ್ತದೆಂದು ಇಬ್ಬರೂ ಮೊದಲೇ ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಸಿಕ್ಕಿಸಬೇಕು. ಯಾರ ಅಂದಾಜು ಹೆಚ್ಚು ತಪ್ಪಿತೋ ಅವರು ಲಾಸ್ ಏಂಜಲೀಸ್ ಕಡೆ, ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾದವರೆಗೆ ಡ್ರೈವ್ ಮಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ಕಾಲು ಚಾಚಿ ಕೂತು, ಅಲ್ಲಿ ಇಳಿದು ಮೈಸೂರ್ ಪಾಕ್ ಆರಿಸಬೇಕು.

ಎರಡು ವರ್ಷದ ಹಿಂದಿನ ಜೂನ್‌ನಲ್ಲಿ ನಮ್ಮವನ ಬ್ಯಾಟು ಮಂಕಾಗಿತ್ತು. ಒಂದು ಬುಧವಾರ ಸಂಜೆ ಪಟ್ಟಿ ತೆರೆದರೆ ನಾಲ್ಕು ಸಲ ಬ್ಯಾಟ್ ಹಿಡಿದು ಎರಡು ಹಿಟ್. ನಾನು ಕುಣಿದುಬಿಟ್ಟೆ. ಗಂಡ ಚಪಾತಿ ಮುರಿಯುತ್ತ ಹೇಳಿದರು: "ಮೊದಲನೇದು ಏನ್ ಮಹಾ! ಬ್ಯಾಟ್ ಮುರಿದು ಹೋಗಿ ಬಾಲ್ ಹೆಂಗೋ ಹೋಗಿ ಬಿತ್ತು ಅಷ್ಟೇ."

ನಾನು ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಪಟ್ಟಿಯಲ್ಲಿ ಎಷ್ಟು ಹಿಟ್ ಎಂದಿರುತ್ತದೆ, ಹೇಗೆ ಹೊಡೆದ ಎಂದಿರುವುದಿಲ್ಲ. ಬ್ಯಾಟ್ ಮುರಿದದ್ದು ಮ್ಯಾಚ್ ನೋಡಿದವರಿಗಷ್ಟೇ ಗೊತ್ತು. ಕಳ್ಳ, ಆಫೀಸಿನಲ್ಲಿ ಕದ್ದು ನೋಡಿದ್ದಾರೆ ಎಂದುಕೊಂಡೆ. ಆದರೆ ಒಂದು ಸಲ ಕಂಡದ್ದನ್ನು ಎರಡನೇ ಸಲ ಹಿಡಿಯದೆ ವರದಿ ಬರೆಯುವ ಜಾಯಮಾನ ನನ್ನದಲ್ಲ.

ಮುಂದಿನ ವಾರ ತಂಡ ಪೂರ್ವ ಕರಾವಳಿಯ ದೂರದ ಊರಿನಲ್ಲಿ ಹಗಲು ಮ್ಯಾಚ್ ಆಡಿತು. ಅಲ್ಲಿಯ ಮಧ್ಯಾಹ್ನ ಒಂದು ಗಂಟೆ ಎಂದರೆ ನಮಗೆ ಬೆಳಗಿನ ಹತ್ತು ಗಂಟೆ. ಆ ಸಂಜೆ ಬೇಕೆಂದೇ ಒಂದು ಸುಳ್ಳು ಹೇಳಿದೆ.

"ರೀ, ಮಧ್ಯದಲ್ಲಿ ಮಳೆ ಬಂದು ಮ್ಯಾಚ್ ನಿಲ್ಲಿಸಿದ್ರಂತೆ?"

"ಯಾರೇ ಹೇಳಿದ್ದು? ಸುಡುಸುಡು ಬಿಸಿಲು! ಫೀಲ್ಡರ್‌ಗೆ ಬಾಲೇ ಕಾಣಿಸ್ಲಿಲ್ಲ..." ಎಂದವರು ತಟ್ಟನೆ ನಿಲ್ಲಿಸಿ ಉಪ್ಪಿನಕಾಯಿ ಕೇಳಿದರು.

ಬಡಿಸಿದೆ. ತಲೆಯೊಳಗೆ ಮಾತ್ರ ಹುಳ ಹೊಕ್ಕಿತ್ತು. ಬೆಳಗಿನ ಹತ್ತು ಗಂಟೆಗೆ ಆಫೀಸಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ಇರುವ ಮನುಷ್ಯ ಮೂರು ಗಂಟೆ ಕಾಲ ನಡೆಯುವ ಮ್ಯಾಚ್ ಎಲ್ಲಿ ಕೂತು ನೋಡಿದ? ಹಾಗೆ ಯೋಚಿಸುವಾಗಲೇ ಇನ್ನೊಂದು ಹೊಳೆಯಿತು. ಹತ್ತು ವರ್ಷದಿಂದ ಈ ಮನುಷ್ಯ ಹೈವೇ ಹದಿನೈದರ ಟ್ರಾಫಿಕ್ಕನ್ನು ಬಯ್ಯದೆ ಮನೆಯೊಳಗೆ ಕಾಲಿಟ್ಟವರಲ್ಲ. ಆ ಬೈಗುಳ ಕೇಳಿ ಎಷ್ಟು ದಿನವಾಯಿತು?

ನಾಚಿಕೆ ಬಿಟ್ಟು ಹೇಳುತ್ತೇನೆ, ಯಾರದೋ ಮನೆಯ ಸೋಫಾ ನನ್ನ ಕಣ್ಣಿಗೆ ಕಟ್ಟಿತು. ಅದರ ಮೇಲೆ ನನ್ನ ಗಂಡ, ಪಕ್ಕದಲ್ಲಿ ಯಾರೋ ಒಬ್ಬಳು. ಅವರು ಬಿಚ್ಚಿ ಹಾಕಿದ ಶರ್ಟನ್ನು ಮೂಸಿ ನೋಡಿದೆ. ನಾನೇ ಕಟ್ಟಿಕೊಟ್ಟ ಪುಳಿಯೋಗರೆಯ ವಾಸನೆ ಬಂತು. ಕಾರಿನ ಸೀಟಿಗೂ ಅದೇ ವಾಸನೆ. ಅದರಿಂದಲೂ ಸಮಾಧಾನವಾಗಲಿಲ್ಲ. ರಾತ್ರಿ ಅವರು ನಿದ್ದೆಯಲ್ಲಿ ಮಗ್ಗುಲಾದರೂ ನನಗೆ ಸಂಶಯ.

ಜುಲೈ ಬಿಡುವು ಬಂತು. ಚೀಟಿ ತೆಗೆದು ನೋಡಿದರೆ ನಾನು ಸೋತಿದ್ದೆ. ನಮ್ಮವನ ಮೇಲೆ ನಾನು ಇಟ್ಟ ನಂಬಿಕೆ ಹೆಚ್ಚಾಗಿತ್ತು. ಶನಿವಾರ ಬೆಳಗ್ಗೆ ಹೊರಟೆವು. ಪಕ್ಕದ ಸೀಟಿನಲ್ಲಿ ಗಂಡ ಗೆದ್ದವರಂತೆ ಕೂತಿರಲಿಲ್ಲ. ಸಮುದ್ರ ಎಡಕ್ಕೆ ಕಾಣುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಹಗಲು ಮ್ಯಾಚ್ ಯಾರ್ ಜೊತೆ ನೋಡ್ತೀರಾ?"

ಅವರು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡೇ ಹೇಳಿದರು: "ಒಬ್ನೇ. ಕಾರಲ್ಲಿ. ಯೂನಿವರ್ಸಿಟಿ ಸಿಟಿ ಲೈಬ್ರರಿ ಹತ್ರ. ಕೆಲಸ ಹೋಗಿ ಏಳು ವಾರ ಆಯ್ತು ಕಣೇ."

ಬೆಳಗ್ಗೆ ಎಂಟಕ್ಕೆ ಲಂಚ್ ಬಾಕ್ಸ್ ಹಿಡಿದು ಹೊರಡುತ್ತಿದ್ದದ್ದು ಲೈಬ್ರರಿಗೆ. ಅಲ್ಲಿ ಕೂತು ಕಂಡಕಂಡ ಕಡೆ ಅಪ್ಲೈ ಮಾಡುವುದು, ತಲೆ ಚಿಟ್ಟುಹಿಡಿದಾಗ ಕಾರಿಗೆ ಬಂದು ಫೋನಿನಲ್ಲಿ ಮ್ಯಾಚ್ ಹಾಕಿ ಪುಳಿಯೋಗರೆ ತಿನ್ನುವುದು. ನಾನು ಮನೆಯಿಂದಲೇ ಕೆಲಸ ಮಾಡುವವಳಾದ್ದರಿಂದ ಮನೆಯಲ್ಲಿ ಉಳಿಯುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದಿತ್ತು, ದೇಶ ಬಿಡಬೇಕಾದ ಭಯವಿಲ್ಲ. ಹಾಗಿದ್ದರೂ ಮುಚ್ಚಿಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು.

"ಏಳು ವಾರ ನನ್ ಹತ್ರ ಸುಳ್ಳು ಹೇಳಿದ್ರಾ?"

"ಸುಳ್ಳು ಹೇಳ್ಲಿಲ್ಲ. ನೀನು ಕೇಳ್ಲೇ ಇಲ್ಲ."

ಜಗಳಕ್ಕೆ ಬಾಯಿ ತೆರೆದೆ. ತಿರುಗೇಟಿಗೆಂದು ಆ ಏಳು ವಾರದ ಒಂದೊಂದು ಸಂಜೆಯನ್ನೂ ನೆನಪಿನಲ್ಲಿ ಹುಡುಕಿದೆ. ಎಲ್ಲದರಲ್ಲೂ ನಾನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮವನು ಎಷ್ಟು ಹೊಡೆದ? ಶರ್ಟು ಮೂಸಿದೆ, ಬಾರದ ಮಳೆಯನ್ನು ಬರಿಸಿದೆ. ಎದುರಿಗೆ ಕೂತು ನಿಮ್ಮ ದಿನ ಹೇಗಿತ್ತು ಎಂದು ಒಂದು ಸಲವೂ ಕೇಳಿರಲಿಲ್ಲ.

"ಸಂಜೆ ನೀನು ಫೋನ್ ತೆಗೆದಾಗ ಮಾತ್ರ ನಂಗೂ ಹೇಳೋಕೆ ಏನೋ ಇರ್ತಿತ್ತು," ಎಂದರು.

ಆರ್ಟೀಸಿಯಾದ ಎಕ್ಸಿಟ್ ದಾಟಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ತಿರುಗಿ ಬಂದು ಮೈಸೂರ್ ಪಾಕ್ ಕೊಂಡು ಕಾರಿನಲ್ಲೇ ಕೂತು ಅರ್ಧ ಡಬ್ಬ ತಿಂದೆವು. ನಾನು ಅತ್ತೆ, ಅವರು ಟಿಶ್ಯೂ ಹುಡುಕಿ ಕೊಟ್ಟರು.

ನವೆಂಬರಿನಲ್ಲಿ ಅವರಿಗೆ ಬೇರೆ ಕೆಲಸ ಸಿಕ್ಕಿತು. ಹೈವೇ ಹದಿನೈದನ್ನು ಬಯ್ಯುವುದು ಮತ್ತೆ ಶುರುವಾಗಿದೆ, ಕಿವಿಗೆ ಹಿತವಾಗಿದೆ. ಎಡಗೈಯವನು ಈಗಲೂ ನಮ್ಮವನೇ. ಆದರೆ ಅವನ ಪಟ್ಟಿ ತೆರೆಯುವ ಮೊದಲು ನಾನು ಕೇಳುತ್ತೇನೆ: "ರೀ, ಇವತ್ತು ನಿಮಗೆ ಹೇಗಿತ್ತು?"

"ಚೆನ್ನಾಗಿತ್ತು," ಎನ್ನುತ್ತಾರೆ.

ನಾನು ನಂಬುವುದಿಲ್ಲ. ಫೋನನ್ನು ಮಗುಚಿಟ್ಟು ಇನ್ನೊಂದು ಸಲ ಕೇಳುತ್ತೇನೆ.