ಊಟಕ್ಕೆ ಬರುತ್ತಿದ್ದ ಅಕೌಂಟೆಂಟ್

ದುಬೈಯ ಕರಾಮದ ಹೋಟೆಲುಗಳ ಅಡುಗೆಮನೆಯ ಚಿಮಣಿ ತೊಳೆಸುವ ಸ್ವಂತ ಕಸುಬು ನನ್ನದು. ಇಬ್ಬರು ಕೆಲಸಗಾರರು, ಒಂದು ವ್ಯಾನು. ವ್ಯಾಟ್ ತೆರಿಗೆ ಬಂದ ವರ್ಷ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಬೇಕಾಯಿತು. ಕಡೆಯ ದಿನ ತಪ್ಪಿದರೆ ದಂಡ. ಅಕೌಂಟೆಂಟ್ ಇಡುವುದೋ ಬೇಡವೋ ಎಂದು ತಲೆ ಕೆಡಿಸಿಕೊಂಡೆ. ನಮ್ಮ ಕೆಳಗಿನ ಮಹಡಿಯ ಹೆಂಗಸೊಬ್ಬರು ತಿಂಗಳಿಗೆ ಐನೂರು ದಿರ್ಹಮಿಗೆ ಮಾಡಿಕೊಡುತ್ತೇನೆಂದರು. ಐನೂರು ಎಂದದ್ದೇ, ನೋಡುವ ಎಂದು ಹೇಳಿ ಮೆಟ್ಟಿಲು ಹತ್ತಿಬಿಟ್ಟೆ.

ಆಗ ಸಿಕ್ಕಿದವನು ಭಾವ, ನನ್ನ ದೊಡ್ಡಪ್ಪನ ಅಳಿಯ. ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಸಂಸಾರ ಊರಲ್ಲಿ, ಇವನು ಇಲ್ಲಿ ಒಂಟಿ.

"ನಾನಿಲ್ವಾ ಮಾರಾಯ? ನಮ್ಮನಮ್ಮೊಳಗೆ ಫೀಸ್ ಎಂತದ್ದು? ಶುಕ್ರವಾರ ಬರ್ತೇನೆ, ಒಂದು ಊಟ ಹಾಕಿದ್ರೆ ಸಾಕು."

ನಮ್ಮ ಕಡೆಯವರಲ್ಲಿ ಇದು ಪದ್ಧತಿ. ಸಂಬಂಧಿಕನ ಕೈಗೆ ಹಣ ಕೊಟ್ಟರೆ ಅವಮಾನ, ಮೀನುಸಾರು ಬಡಿಸಿದರೆ ಮರ್ಯಾದೆ. ನನಗೂ ಖುಷಿಯೇ ಆಯಿತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್; ವಾರದಲ್ಲಿ ಅವಳಿಗೆ ರಜೆ ಅಂತ ಇದ್ದದ್ದು ಶುಕ್ರವಾರ ಒಂದೇ.

"ದುಡ್ಡು ಕೊಟ್ಟು ಮಾಡಿಸಿ, ಕೇಳ್ಲಿಕ್ಕಾದ್ರೂ ಬಾಯಿ ಇರ್ತದೆ," ಎಂದಳು. ನಿನಗೆ ನಮ್ಮವರೆಂದರೆ ಆಗುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಛೀ, ಆ ಶುಕ್ರವಾರಗಳನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಬಂಗುಡೆಯ ತಲೆಯನ್ನು ಚೀಪಿ ಚೀಪಿ ಮುಳ್ಳನ್ನು ನನ್ನ ಬಿಲ್ಲುಗಳ ಪಕ್ಕದಲ್ಲೇ ರಾಶಿ ಹಾಕುತ್ತಿದ್ದ. ಸಾರು ಮೆತ್ತಿದ ಬೆರಳಲ್ಲೇ ಲ್ಯಾಪ್‌ಟಾಪ್ ಒತ್ತುತ್ತಿದ್ದ. ಎರಡು ಬಿಲ್ಲು ನಮೂದಿಸಿ ಒಂದು ತೇಗು. ಆಮೇಲೆ ಸೋಫಾದಲ್ಲಿ ಕಾಲು ಚಾಚಿ ಗೊರಕೆ. ಎದ್ದು ಚಹಾ ಕುಡಿದು, "ಖಲಾಸ್, ಉಳಿದದ್ದು ಮುಂದಿನ ವಾರ ಮುಗಿಸುವ," ಎಂದು ಚಪ್ಪಲಿ ಮೆಟ್ಟುತ್ತಿದ್ದ. ಪುಕ್ಕಟೆ ಮಾಡುವವನನ್ನು ಗದರುವುದು ಹೇಗೆ?

ಮೊದಲೆರಡು ಸಲ ಹೇಗೋ ದಾಟಿತು. ಮೂರನೆಯ ಸಲ ಕಡೆಯ ದಿನ ಕಳೆದ ಮೇಲೆ ಮೊಬೈಲಿಗೆ ದಂಡದ ಸಂದೇಶ ಬಂತು. ಫೋನು ಮಾಡಿದರೆ ಭಾವ ನಕ್ಕ. "ನೀನೇ ಅಲ್ವಾ ಹೊಟ್ಟೆ ಬಿರಿಯೆ ಬಡಿಸಿ ನಿದ್ದೆ ಬರಿಸಿದ್ದು?" ನಾನೂ ಹೆಹ್ಹೆ ಎಂದು ನಕ್ಕು ಫೋನಿಟ್ಟೆ. ನನ್ನ ಆ ನಗೆಯ ಮೇಲೆ ನನಗೇ ಎಷ್ಟು ಅಸಹ್ಯ ಹುಟ್ಟಿತೆಂದರೆ ಬಾಯಿ ತೊಳೆದುಕೊಂಡು ಬಂದೆ.

"ಪುಕ್ಕಟೆ ಅಂತ ನಂಬಿ ಕೆಟ್ಟೆ," ಎಂದು ಹೆಂಡತಿಯ ಮುಂದೆ ಗೋಳಾಡಿದೆ. ಅವಳು ಪಾತ್ರೆ ತಿಕ್ಕುತ್ತಿದ್ದಳು.

"ಪುಕ್ಕಟೆ ನಿಮಗೆ. ನನಗೆ ಒಂಬತ್ತು ತಿಂಗಳಿಂದ ರಜೆ ಇಲ್ಲ."

ಮರುದಿನವೇ ಬಿಲ್ಲುಗಳನ್ನೆಲ್ಲ ಕೆಳಗಿನ ಮಹಡಿಯ ಹೆಂಗಸಿಗೆ ಒಪ್ಪಿಸಿದೆ. ಬಿಲ್ಲು ಮೂಸಿ ಅವರು ಮುಖ ಹಿಂಡಿದರು. ಭಾವನಿಗೆ ಮಾತ್ರ ಹೇಳಲಿಲ್ಲ, ಹೇಳುವ ಧೈರ್ಯ ಸಾಲಲಿಲ್ಲ. ಶುಕ್ರವಾರ ಹನ್ನೆರಡೂವರೆಗೆ ಅವನು ಬಂದು ಬೆಲ್ ಒತ್ತಿದ. ಮಲಗಿದ್ದ ಹೆಂಡತಿ ಎದ್ದು ಬಂದು ಬಾಗಿಲು ತೆಗೆದಳು.

"ಬನ್ನಿ ಅಣ್ಣ, ಕೂತ್ಕೊಳ್ಳಿ. ಇವತ್ತು ಅಡುಗೆ ಇವರದ್ದು," ಎಂದು ಹೇಳಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಭಾವ ತಟ್ಟೆಯ ಮುಂದೆ ಕುಳಿತ. ಫ್ರಿಜ್ಜಿನಲ್ಲಿ ಆರು ಬಂಗುಡೆ ಇದ್ದವು, ಹೊಟ್ಟೆ ಸೀಳದವು. ಜನ್ಮದಲ್ಲಿ ಮೊದಲ ಸಲ ಮೀನು ಸೀಳಿದೆ. ಕರುಳು ಬೆರಳಿಗೆ ಸುತ್ತಿಕೊಂಡು ವಾಕರಿಕೆ ಬಂತು. ಇನ್ನೂ ಐದು ಉಳಿದಿದ್ದವು. "ಎಷ್ಟು ಹೊತ್ತು ಮಾರಾಯ, ಹಸಿವಾಗ್ತದೆ," ಎಂದು ಭಾವ ಅಲ್ಲಿಂದಲೇ ಕೂಗಿದ. ಇಂಥ ಎಷ್ಟು ಮೀನು ಸೀಳಿದ್ದಳೋ ಅವಳು, ಎಷ್ಟು ಶುಕ್ರವಾರ. ಹುಣಸೆಹುಳಿ ಎಲ್ಲಿಟ್ಟಿದ್ದಾಳೆಂದು ಕೇಳಲು ಕೋಣೆಯವರೆಗೆ ಹೋದೆ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿ ವಾಪಸು ಬಂದು, ಒಂದೊಂದೇ ಡಬ್ಬಿ ತೆರೆದು ಮೂಸತೊಡಗಿದೆ.